ಎಡ್ವರ್ಡ್ ಲಿಯರನ ‘ಕಮರ್‌ಬಂದ್’ ಪದ್ಯ: ಬೆಂಗಳೂರು ದಂಡಿನ ಕಡೆಯಿಂದ ಒಂದು ವಿಚಾರ

ಬೆಂಗಳೂರಿನ ಚರಿತ್ರೆಯನ್ನು ಬರೆಯುವವರು ಎಡ್ವರ್ಡ್ ಲಿಯರನ ಹೆಸರನ್ನು ಸಾಮಾನ್ಯವಾಗಿ ಒಂದೇ ಸಂದರ್ಭದಲ್ಲಿ ಎತ್ತುತ್ತಾರೆ. 1874ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ಈ ಆಂಗ್ಲ ಚಿತ್ರಕಾರನು ಇಲ್ಲಿಗೆ ಬಂದು ಲಾಲ್‌ಬಾಗನ್ನು ನೋಡಿದನು. ಇದಕ್ಕಿಂತ ಚೆಲುವಾದ ಸ್ಥಳವನ್ನು ತಾನು ಕಂಡಿಲ್ಲವೆಂಬರ್ಥದ ಮಾತನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡನು. ಊರಿಗೆ ದೊರೆತ ಪ್ರಶಂಸಾಪತ್ರವನ್ನು ಚೌಕಟ್ಟು ಕಟ್ಟಿಸಿ ಗೋಡೆಗೆ ತೂಗುಹಾಕಿದಂತೆ ಈ ಮಾತನ್ನು ಉದ್ಧರಿಸಿ ಮುಂದೆ ಸಾಗುವುದೇ ವಾಡಿಕೆಯಾಗಿದೆ. ಇತ್ತ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರು ಅದೇ ಲಿಯರನನ್ನು ಮಕ್ಕಳ ನಗೆಪದ್ಯಗಳ ಕರ್ತೃವೆಂದು ಪರಿಚಯಿಸಿ ಅಲ್ಲಿಗೇ ಬಿಡುತ್ತಾರೆ. ಹೀಗಾಗಿ, ಭಾರತದಲ್ಲಿದ್ದಾಗಲೇ ಅವನು ಪ್ರಕಟಿಸಿದ ‘ಕಮರ್‌ಬಂದ್’ ಎಂಬ ಪದ್ಯವು ಚರಿತ್ರೆಯವರ ಕಣ್ಣಿಗೂ ಬೀಳದೆ, ಸಾಹಿತ್ಯದವರ ಕೈಗೂ ಸಿಕ್ಕದೆ ಉಳಿದಿದೆ. ನನ್ನ ಅಭಿಪ್ರಾಯದಲ್ಲಿ ಈ ಪದ್ಯವು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಮನೆವಾರ್ತೆಯನ್ನು ಕುರಿತ ಒಂದು ದಾಖಲೆ. ದಾಖಲೆಯೆಂದ ಮೇಲೆ ಅದು ಎಲ್ಲಿ ಹುಟ್ಟಿತು, ಯಾರಿಗಾಗಿ ಹುಟ್ಟಿತು, ಏನನ್ನು ಹೇಳುತ್ತದೆ, ಏನನ್ನು ಮುಚ್ಚಿಡುತ್ತದೆ ಎಂಬ ಪ್ರಶ್ನೆಗಳನ್ನು ಬೇರಾವ ದಾಖಲೆಗೆ ಹಾಕುತ್ತೇವೆಯೋ ಹಾಗೆಯೇ ಇದಕ್ಕೂ ಹಾಕಬೇಕಾಗುತ್ತದೆ.

ಲಿಯರನ ಜೀವನವೃತ್ತಾಂತವನ್ನು ವಿಸ್ತರಿಸುವ ಅಗತ್ಯ ಇಲ್ಲಿಲ್ಲ. ಅವನು 1812ರ ಮೇ 12ರಂದು ಲಂಡನ್ನಿನ ಬಳಿಯ ಹಾಲೊವೇ ಎಂಬಲ್ಲಿ ಜನಿಸಿದನು. ಬಹಳ ಮಕ್ಕಳಿದ್ದ ಸಂಸಾರದಲ್ಲಿ ಕಿರಿಯವರ ಸಾಲಿಗೆ ಸೇರಿದವನಾದುದರಿಂದ ಅವನನ್ನು ಸಾಕಿದವಳು ಹಿರಿಯಕ್ಕ ಆನ್. ಚಿಕ್ಕಂದಿನಿಂದ ಮೂರ್ಛೆರೋಗ, ಉಬ್ಬಸ ಮತ್ತು ಮಂದದೃಷ್ಟಿಗಳು ಅವನನ್ನು ಬಿಡಲಿಲ್ಲ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿಗೆ, ಅಂದರೆ 1830ರಿಂದ 1832ರವರೆಗೆ, ಗಿಳಿಗಳ ಜಾತಿಯನ್ನು ಕುರಿತು 42 ಚಿತ್ರಫಲಕಗಳ ಗ್ರಂಥವೊಂದನ್ನು ಹೊರತಂದು ಪ್ರಾಣಿಶಾಸ್ತ್ರಜ್ಞರ ಮೆಚ್ಚಿಕೆಯನ್ನು ಗಳಿಸಿದನು. ನೀಲಿ ಬಣ್ಣದ ದೊಡ್ಡ ಗಿಳಿಯೊಂದಕ್ಕೆ ಅನಂತರ ಅವನ ಹೆಸರನ್ನೇ ಇಡಲಾಯಿತು. ಡಾರ್ಬಿಯ ಅರ್ಲ್‌ನ ಮೃಗಾಲಯದ ಪ್ರಾಣಿಗಳನ್ನು ಚಿತ್ರಿಸುತ್ತಿದ್ದಾಗ ಆ ಮನೆಯ ಮಕ್ಕಳನ್ನು ನಗಿಸಲು ಕಟ್ಟಿದ ಐದು ಸಾಲಿನ ಚುಟುಕಗಳು 1846ರಲ್ಲಿ ಪುಸ್ತಕವಾದವು. ಅದೇ ವರ್ಷ ಅವನು ವಿಕ್ಟೋರಿಯಾ ರಾಣಿಗೆ ಚಿತ್ರಕಲೆಯ ಪಾಠವನ್ನೂ ಹೇಳಿದನು. 1837ರಲ್ಲಿ ರೋಮಿಗೆ ಹೊರಟವನು ಮತ್ತೆ ಇಂಗ್ಲೆಂಡಿನಲ್ಲಿ ನೆಲೆನಿಂತು ಬಾಳಲಿಲ್ಲವೆಂದೇ ಹೇಳಬಹುದು. ಇಟಲಿ, ಗ್ರೀಸ್, ಅಲ್ಬೇನಿಯಾ, ಈಜಿಪ್ಟ್, ಪ್ಯಾಲೆಸ್ಟೈನ್ ಎಂದು ನಾಡಿನಿಂದ ನಾಡಿಗೆ ಅಲೆಯುತ್ತ ಭೂದೃಶ್ಯಗಳನ್ನು ಬರೆದು ಮಾರಿ ಜೀವಿಸಿದನು.

ಈ ವೃತ್ತಾಂತದಲ್ಲಿ ನಮ್ಮ ವಿಷಯಕ್ಕೆ ಬೇಕಾದ ಅಂಶ ಒಂದು ಮಾತ್ರ. ಲಿಯರನು ಮೊದಲು ಕಲಿತ ವಿದ್ಯೆ ಜೀವಜಾತಿಗಳನ್ನು ಬೇರ್ಪಡಿಸಿ, ರೂಪ ಬಣ್ಣ ನಿಲುವುಗಳನ್ನು ಗುರುತಿಸಿ, ಹೆಸರಿನೊಡನೆ ಹೊಂದಿಸುವ ವಿದ್ಯೆ. ಅವನ ನಗೆಯೂ ಅದೇ ಗರಡಿಯಲ್ಲಿ ಬೆಳೆಯಿತು. 1871ರ ಸಂಗ್ರಹದಲ್ಲಿ ಅವನು ‘ಅಸಂಬದ್ಧ ಸಸ್ಯಶಾಸ್ತ್ರ’ವೆಂಬ ಭಾಗವೊಂದನ್ನು ಸೇರಿಸಿ, ಇಲ್ಲದ ಗಿಡಗಳಿಗೆ ಲ್ಯಾಟಿನ್ ಧಾಟಿಯ ಹೆಸರುಗಳನ್ನಿಟ್ಟು ಚಿತ್ರ ಬರೆದನು. ಆ ಗಿಡಗಳ ರೇಖೆಗಳಲ್ಲಿ ಪರಿಹಾಸದ ಸುಳಿವೇ ಇಲ್ಲ. ಸಸ್ಯಶಾಸ್ತ್ರದ ಗ್ರಂಥಗಳಲ್ಲಿರುವಷ್ಟೇ ಗಂಭೀರವಾಗಿ ಅವು ಕಾಂಡ ಎಲೆಗಳೊಡನೆ ನಿಂತಿವೆ. ಹೆಸರು ಒಂದು ಕಡೆ, ವಸ್ತು ಇನ್ನೊಂದು ಕಡೆ, ನಡುವೆ ಶಾಸ್ತ್ರದ ಗಾಂಭೀರ್ಯ: ಇದು ಅವನ ಕ್ರಮ.

ಅವನನ್ನು ಭಾರತಕ್ಕೆ ಕರೆತಂದವನು ಆಗಿನ ವೈಸರಾಯ್ ಲಾರ್ಡ್ ನಾರ್ತ್‌ಬ್ರೂಕ್, ಲಿಯರನ ಹಳೆಯ ಮಿತ್ರ. 1872ರಲ್ಲಿ ಒಮ್ಮೆ ಹೊರಟು ಸೂಯೆಜ್‌ನಿಂದಲೇ ಹಿಂದಿರುಗಿದ ಲಿಯರನು ಮರುವರ್ಷ ನವೆಂಬರ್ 22ರಂದು ಮುಂಬಯಿಯಲ್ಲಿ ಇಳಿದನು. ಆಗ ಅವನಿಗೆ ಅರವತ್ತೊಂದು ವರ್ಷ. ಜೊತೆಗಿದ್ದವನು ಕಾರ್ಫು ದ್ವೀಪದಿಂದ 1856ರಲ್ಲಿ ಸೇವೆಗೆ ಸೇರಿದ್ದ ಜಾರ್ಜಿಯೊ ಕೊಕಾಲಿ ಎಂಬ ಸೇವಕ. ಲಖನೌ, ಕಲ್ಕತ್ತ, ಡಾರ್ಜಿಲಿಂಗ್, ಕಾಶಿ, ಆಗ್ರಾ, ದೆಹಲಿ, ಸಿಮ್ಲಾಗಳನ್ನು ಕಂಡು, 1874ರ ಮಳೆಗಾಲದಲ್ಲಿ ಪುಣೆಗೆ ಬಂದು, ಹೈದರಾಬಾದು, ಬೆಂಗಳೂರು, ಮದರಾಸು, ಮಹಾಬಲಿಪುರ, ಕಂಚಿ, ತಿರುಚಿನಾಪಳ್ಳಿ, ನೀಲಗಿರಿ, ಮಲಬಾರುಗಳನ್ನು ಹಾದು, ಸಿಂಹಳಕ್ಕೆ ಹೋಗಿ, 1875ರ ಜನವರಿಯಲ್ಲಿ ಅವನು ಸ್ವದೇಶಕ್ಕೆ ಹಡಗು ಹತ್ತಿದನು. ಈ ಹದಿನಾಲ್ಕು ತಿಂಗಳ ದಿನಚರಿ ಇಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಹೌಟನ್ ಗ್ರಂಥಾಲಯದಲ್ಲಿದೆ. ಅದರ ಆಯ್ದ ಭಾಗಗಳನ್ನು ರೇ ಮರ್ಫಿ ಎಂಬ ಸಂಪಾದಕರು 1953ರಲ್ಲಿ ಪ್ರಕಟಿಸಿದರು. ಅದೇ ಗ್ರಂಥಾಲಯದ ಭಾರತದ ಚಿತ್ರಗಳನ್ನು ಕುರಿತು ವಿದ್ಯಾ ದೆಹೇಜಿಯಾ ಅವರ ಗ್ರಂಥ 1989ರಲ್ಲಿ ಹೊರಬಂದಿತು.

ಲಿಯರನು ಬೆಂಗಳೂರಿಗೆ ಬಂದ ಕಾಲದ ಊರು ಎರಡು ಹೋಳಾಗಿತ್ತು. ಕೋಟೆ ಮತ್ತು ಪೇಟೆ ಒಂದು ಕಡೆ. 1809ರಿಂದ ಬೆಳೆದ ದಂಡು ಇನ್ನೊಂದು ಕಡೆ. ಮೈಸೂರು ಸಂಸ್ಥಾನವು 1831ರಿಂದ ಇಂಗ್ಲಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಅರಸು ಮನೆತನಕ್ಕೆ ಅಧಿಕಾರ ಮರಳಲು ಇನ್ನೂ ಏಳು ವರ್ಷಗಳಿದ್ದವು. ದಂಡಿನಿಂದ ಜೋಲಾರಪೇಟೆಗೆ ರೈಲು ನಡೆಯತೊಡಗಿ ಹತ್ತು ವರ್ಷ ತುಂಬಿತ್ತು. ಅಠಾರಾ ಕಚೇರಿಯ ಕೆಂಪು ಕಟ್ಟಡ 1868ರಲ್ಲಿ ಎದ್ದಿತ್ತು, ಅದರ ಮುಂದಿನ ಉದ್ಯಾನಕ್ಕೆ ನಾಲ್ಕು ವರ್ಷದ ಪ್ರಾಯ. ದಂಡಿನ ಪೂರ್ವದ ಅಂಚಿನಲ್ಲಿ ಹಲಸೂರು ಕೆರೆ ಮತ್ತು ಸೋಮೇಶ್ವರನ ಗುಡಿ ಇದ್ದವು, ಅದರಾಚೆ ಹಳ್ಳಿ. ನಾನು ವಾಸವಾಗಿರುವ ಇಂದಿರಾನಗರವೆಂಬ ಬಡಾವಣೆ ಹುಟ್ಟಿದ್ದೇ ಅದಾಗಿ ನೂರು ವರ್ಷಗಳ ಮೇಲೆ. ಆಗ ಈ ನೆಲ ಬಿನ್ನಮಂಗಲ, ದೊಮ್ಮಲೂರು, ಕೋಡಿಹಳ್ಳಿಗಳ ಹೊಲಗದ್ದೆ. ಹಲಸಿನ ಹೆಸರು ಹೊತ್ತ ಊರನ್ನು ‘ಅಲ್ಸೂರು’ ಎಂದು ಮಾಡಿಕೊಂಡ ದಂಡಿನ ಇಂಗ್ಲಿಷರಿಗೆ ತಾವು ಹಲಸಿನ ಹಣ್ಣನ್ನು ಹೆಸರಿಸುತ್ತಿದ್ದೇವೆಂಬ ಅರಿವು ಎಷ್ಟರಮಟ್ಟಿಗಿತ್ತೋ ಹೇಳಲಾಗದು. ಪದದಿಂದ ಅರ್ಥ ಕಳಚಿ ಬೀಳುವ ಈ ಪ್ರಕ್ರಿಯೆಯನ್ನು ಲಿಯರನು ಕಂಡುಹಿಡಿಯಲಿಲ್ಲ. ದಂಡಿನ ಬದುಕಿನಲ್ಲಿ ಅದು ದಿನವೂ ನಡೆಯುತ್ತಿತ್ತು.

ಅವನಿಗಿಂತ ಮೊದಲು ಈ ಸೀಮೆಯನ್ನು ಚಿತ್ರಿಸಿದ ಇಂಗ್ಲಿಷರು ಸೈನ್ಯದ ಬೆನ್ನಿಗೆ ಬಂದವರು. ಕಾರ್ನ್‌ವಾಲಿಸನ ದಂಡಿನೊಡನೆ ಬಂದ ರಾಬರ್ಟ್ ಹೋಮ್, ಮೋಜಣಿಯ ಅಧಿಕಾರಿ ಕೋಲ್‌ಬ್ರೂಕ್, ಫಿರಂಗಿದಳದ ಜೇಮ್ಸ್ ಹಂಟರ್ ಇವರ ಮೈಸೂರಿನ ಚಿತ್ರಗಳಲ್ಲಿ ಕೋಟೆಯ ಬಾಗಿಲು, ಬಿರಿದ ಗೋಡೆ, ಗೆದ್ದ ಬೆಟ್ಟಗಳು ಮುಖ್ಯ. 1791ರ ಮಾರ್ಚಿಯಲ್ಲಿ ಬಿದ್ದ ಬೆಂಗಳೂರು ಕೋಟೆಯು ಲಂಡನ್ನಿನ ಶ್ರೀಮಂತರ ಓದುಕೋಣೆಗಳನ್ನು ಸೇರಿದ್ದು ಇಂಥ ಚಿತ್ರಗಳ ಮೂಲಕ. ಅನಂತರ ಛಾಯಾಗ್ರಾಹಕರು ಬಂದರು. ಧಾರವಾಡ ಮತ್ತು ಮೈಸೂರು ಸೀಮೆಗಳ ದೇವಾಲಯ ಶಿಲ್ಪವನ್ನು ಕುರಿತ ಛಾಯಾಚಿತ್ರಗಳ ಮಹಾಗ್ರಂಥ 1866ರಲ್ಲಿಯೇ ಅಚ್ಚಾಗಿತ್ತು. ಆದುದರಿಂದ 1874ರಲ್ಲಿ ಪೆನ್ಸಿಲು ಹಿಡಿದು ಬಂದ ಮುದಿ ಚಿತ್ರಕಾರನಿಂದ ಸೈನ್ಯಕ್ಕಾಗಲಿ ಮೋಜಣಿಗಾಗಲಿ ಶಾಸನ ಇಲಾಖೆಗಾಗಲಿ ಆಗಬೇಕಾದ ಕೆಲಸವೇನೂ ಇರಲಿಲ್ಲ. ಅವನಿಗೆ ಬೇಕಾದದ್ದು ಮರ, ದೂರ, ಬೆಳಕು. ಸ್ಥಳದಲ್ಲಿ ಕುಳಿತು ಬೇಗಬೇಗನೆ ಪೆನ್ಸಿಲಿನಲ್ಲಿ ಗೀಚಿ, ತಾರೀಕು, ಹೊತ್ತು ಮತ್ತು ಸಂಖ್ಯೆಯನ್ನು ಮೂಲೆಯಲ್ಲಿ ದಾಖಲಿಸಿ, ಯಾವ ಜಾಗಕ್ಕೆ ಯಾವ ಬಣ್ಣವೆಂಬುದನ್ನು ಚಿತ್ರದ ಮೇಲೆಯೇ ಅಕ್ಷರಗಳಲ್ಲಿ ಬರೆದಿಟ್ಟುಕೊಂಡು, ಆಮೇಲೆ ಬಿಡುವಿನಲ್ಲಿ ಮಸಿಯಿಂದ ತಿದ್ದಿ ಬಣ್ಣ ಹಾಕುವುದು ಅವನ ಪದ್ಧತಿ. ಬಂಡೆ, ಮರ ಎಂದು ಬರೆಯುವಾಗಲೂ ಕೆಲವೊಮ್ಮೆ ಕಾಗುಣಿತವನ್ನು ಬೇಕೆಂದೇ ತಪ್ಪಿಸಿ ಆಟವಾಡುತ್ತಿದ್ದನು. ಅಚ್ಚುಕಟ್ಟಾದ ದಾಖಲಾತಿ ಮತ್ತು ಚೇಷ್ಟೆ ಒಂದೇ ಹಾಳೆಯ ಮೇಲೆ ಇರುವುದನ್ನು ಅವನ ಚಿತ್ರಗಳಲ್ಲಿ ಕಾಣಬಹುದು.

ಲಾಲ್‌ಬಾಗ್ ಅವನಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹೈದರನು ತೊಡಗಿಸಿದ ಈ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಗಿತ್ತು. ವಿಲಿಯಂ ನ್ಯೂ ಎಂಬ ತೋಟಗಾರನು 1873ರಲ್ಲಿ ತೀರಿಕೊಂಡ ಮೇಲೆ ಜಾನ್ ಕ್ಯಾಮರಾನ್ ಆಗತಾನೆ ಅಧಿಕಾರ ವಹಿಸಿಕೊಂಡಿದ್ದನು. ಇಂದು ನಮಗೆ ಲಾಲ್‌ಬಾಗೆಂದೊಡನೆ ನೆನಪಾಗುವ ಗಾಜಿನ ಮನೆ ಆಗ ಇರಲಿಲ್ಲ. ಅದರ ಅಸ್ತಿಭಾರ ಬಿದ್ದದ್ದು 1889ರಲ್ಲಿ. ಲಿಯರನು ಕಂಡದ್ದು ಮೆಟ್ಟಿಲು ಮೆಟ್ಟಿಲಾದ ಜಗಲಿಗಳನ್ನು, ಬಳ್ಳಿ ಹಬ್ಬಿದ ಚಪ್ಪರಗಳನ್ನು, ಹೂಗಳನ್ನು, ಬೋನಿನಲ್ಲಿದ್ದ ಕೆಲವು ಕಾಡುಮೃಗಗಳನ್ನು. ಗಿಳಿಗಳ ಚಿತ್ರಕಾರನೂ ಅಸಂಬದ್ಧ ಸಸ್ಯಶಾಸ್ತ್ರದ ಕರ್ತೃವೂ ಆದವನಿಗೆ, ಹೆಸರುಪಟ್ಟಿಯ ಪ್ರಕಾರ ಗಿಡ ನೆಟ್ಟು ಮೃಗಗಳನ್ನು ಕೂಡಿಟ್ಟ ಈ ತೋಟ ತನ್ನ ತಾರುಣ್ಯದ ಕಾರ್ಯಶಾಲೆಯಂತೆ ಕಂಡಿದ್ದರೆ ಸಹಜ. ಲಾಲ್‌ಬಾಗಿನ ಪ್ರಶಂಸೆಯನ್ನು ‘ಕಮರ್‌ಬಂದ್’ ಪದ್ಯದ ಪಕ್ಕದಲ್ಲಿಟ್ಟು ಓದಬೇಕೆಂದು ನಾನು ಹೇಳುವುದಕ್ಕೆ ಇದೇ ಕಾರಣ. ಆ ಪದ್ಯವೂ ಒಂದು ತೋಟವೇ.

ಪದ್ಯ 1874ರ ಜುಲೈ ತಿಂಗಳಲ್ಲಿ ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಕಥೆ ಸರಳ. ಚೆಲುವೆಯಾದ ದೊರೆಸಾನಿಯೊಬ್ಬಳು ಸಂಜೆಯ ನಕ್ಷತ್ರವನ್ನು ನೋಡುತ್ತ ಹೊರಗೆ ಕುಳಿತಿರುತ್ತಾಳೆ. ಸುತ್ತ ವನಸಿರಿ. ಇದ್ದಕ್ಕಿದ್ದಂತೆ ‘ಕಮರ್‌ಬಂದ್’ ಎಂಬ ಭೀಕರ ಮೃಗ ಬಾಯಿ ತೆರೆದುಕೊಂಡು ಬಂದು ಅವಳನ್ನು ನುಂಗಿಬಿಡುತ್ತದೆ. ಹೂಳಲು ಒಂದು ಎಲುಬೂ ದೊರೆಯದೆ, ಜನರು ಅವಳು ಕುಳಿತಿದ್ದ ವಸ್ತುವನ್ನು ಗೋಡೆಗೆ ಮೊಳೆ ಹೊಡೆದು, ಕೆಳಗೆ ಮೂರು ಬಣ್ಣಗಳಲ್ಲಿ, ಸುಂದರಿಯರೇ ರಾತ್ರಿ ಹೊತ್ತು ಹೊರಗೆ ಕೂರಬೇಡಿರೆಂಬ ಎಚ್ಚರಿಕೆಯನ್ನು ಬರೆದಿಡುತ್ತಾರೆ. ಛಂದಸ್ಸು, ಧಾಟಿ, ಶೋಕ ಎಲ್ಲವೂ ಆ ಕಾಲದ ಭಾವಗೀತೆಗಳದೇ. ಹಾಸ್ಯವಿರುವುದು ನಾಮಪದಗಳಲ್ಲಿ ಮಾತ್ರ.

ಆ ನಾಮಪದಗಳನ್ನು ಬಿಡಿಸಿ ನೋಡಬೇಕು. ದೊರೆಸಾನಿ ಕುಳಿತಿರುವುದು ‘ಧೋಬಿ’ಯ ಮೇಲೆ. ‘ಖಾನ್ಸಾಮ’ಗಳು ಅವಳ ಲತಾಗೃಹದ ಸುತ್ತ ಎತ್ತರವಾಗಿ ಬೆಳೆದಿವೆ, ನೀಲಿ ‘ಚೌಕಿ’ಗಳಿಂದ ‘ಖಿದ್ಮತ್‌ಗಾರ’ರು ತೋರಣಗಳಾಗಿ ಜೋತುಬಿದ್ದಿದ್ದಾರೆ. ಹೊಳೆಯಲ್ಲಿ ಚಿನ್ನದ ರೆಕ್ಕೆಯ ‘ಚಪ್ರಾಸಿ’ಗಳು ಮೀನುಗಳಂತೆ ಸುತ್ತುತ್ತಿವೆ. ಎತ್ತರದ ಮರಗಳ ತುದಿಯಲ್ಲಿ ಹಸುರು ‘ಆಯಾ’ಗಳು ಒಂಟಿಯಾಗಿ ಕುಳಿತಿವೆ. ‘ಮಶಕ್’ ಇರುಳೆಲ್ಲ ನರಳುತ್ತದೆ. ‘ನಾಲಾ’ಗಳು ನೇರಿಳೆ ಬಣ್ಣದ ಕೊಂಬೆಗಳನ್ನು ಚಾಚಿವೆ. ಬೆಳ್ಳಿಯ ಬಣ್ಣದ ಕುದುರೆಯಾಳುಗಳು ಮೌನವಾಗಿ ಹಾರುತ್ತಾರೆ, ‘ಭಿಸ್ತಿ’ಗಳು ಚಿಲಿಪಿಲಿಗುಟ್ಟುತ್ತವೆ, ‘ಜಂಪಾನ್’ ಗುಹೆಯಲ್ಲಿ ಊಳಿಡುತ್ತದೆ, ‘ನಮಕ್’ ಗುಂಯ್‌ಗುಡುತ್ತದೆ.

ವಾಸ್ತವದಲ್ಲಿ ಇವೆಲ್ಲ ಏನು? ಧೋಬಿ ಅಗಸ. ಖಾನ್ಸಾಮನು ಪಾರಸಿ ಮೂಲದ ಪ್ರಕಾರ ಮನೆಯ ಸಾಮಗ್ರಿಗಳ ಯಜಮಾನ, ಬಳಕೆಯಲ್ಲಿ ಅಡಿಗೆಮನೆಯ ಮೇಲ್ವಿಚಾರಕ. ಖಿದ್ಮತ್‌ಗಾರನು ಮೇಜಿನ ಬಳಿ ನಿಂತು ಬಡಿಸುವವನು. ಚಪ್ರಾಸಿಗೆ ಆ ಹೆಸರು ಬಂದದ್ದು ಅವನು ಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಹಿತ್ತಾಳೆಯ ಬಿಲ್ಲೆಯಿಂದ. ನಮ್ಮ ಕಚೇರಿಗಳಲ್ಲಿ ದಲಾಯತ, ಜವಾನ. ಲಿಯರನ ಮೀನಿನ ಚಿನ್ನದ ರೆಕ್ಕೆಗೆ ಈ ಬಿಲ್ಲೆಯ ಹೊಳಪೇ ಕಾರಣವೆಂದು ನಾನು ಊಹಿಸುತ್ತೇನೆ. ಆಯಾ ಎಂಬುದು ಪೋರ್ಚುಗೀಸರು ಬಿಟ್ಟುಹೋದ ಮಾತು. ಮಶಕ್ ನೀರು ಹೊರುವ ತೊಗಲಿನ ಚೀಲ. ಅದನ್ನು ಬೆನ್ನಿಗೆ ಹೊತ್ತವನು ಭಿಸ್ತಿ. ‘ಬಿಹಿಶ್ತ್’ ಎಂದರೆ ಸ್ವರ್ಗ, ಆದುದರಿಂದ ಭಿಸ್ತಿಯೆಂದರೆ ಸ್ವರ್ಗಲೋಕದವನು. ಬಾಯಾರಿದವನಿಗೆ ನೀರು ತಂದವನಿಗೆ ಇದಕ್ಕಿಂತ ಒಳ್ಳೆಯ ಬಿರುದು ಯಾವುದಿದೆ? ಜಂಪಾನ್ ಬೆಟ್ಟದೂರುಗಳಲ್ಲಿ ಆಳುಗಳು ಹೊರುತ್ತಿದ್ದ ಕುರ್ಚಿ. ನಾಲಾ ನಮ್ಮ ‘ನಾಲೆ’ಯೇ. ನಮಕ್ ಉಪ್ಪು. ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂಬ ನೀತಿ ಸಿಪಾಯಿಗಳಿಗೂ ಆಳುಗಳಿಗೂ ಹೇಳಿಕೊಡಲಾಗುತ್ತಿದ್ದ ಕಾಲದಲ್ಲಿ ಆ ಮಾತು ಕತ್ತಲೆಯಲ್ಲಿ ಗುಂಯ್‌ಗುಡುವ ಹುಳುವಾಗಿದೆ. ಕೊನೆಯದಾಗಿ ಕಮರ್‌ಬಂದ್: ಪಾರಸಿಯಲ್ಲಿ ‘ಕಮರ್’ ಎಂದರೆ ಸೊಂಟ, ‘ಬಂದ್’ ಎಂದರೆ ಕಟ್ಟು. ನಮ್ಮ ನಡುಕಟ್ಟು.

ಈ ಪಟ್ಟಿಯನ್ನು ಕೂಡಿಸಿ ನೋಡಿದರೆ ಒಂದು ಇಂಗ್ಲಿಷ್ ಬಂಗಲೆಯ ಆಳುಕಾಳುಗಳ ಹಾಜರಿ ಪುಸ್ತಕವೇ ನಮ್ಮೆದುರಿಗೆ ತೆರೆದುಕೊಳ್ಳುತ್ತದೆ. ದೊರೆಸಾನಿ ಕುಳಿತ ಆಸನದಿಂದ ಹಿಡಿದು ಕೇಳಿದ ಧ್ವನಿಯವರೆಗೆ, ಅವಳ ವಿರಾಮವನ್ನು ಸಾಧ್ಯಗೊಳಿಸಿದ ಪ್ರತಿಯೊಂದೂ ಯಾವನೋ ಒಬ್ಬನ ದುಡಿಮೆಯ ಹೆಸರು. ಅಗಸನ ಮೇಲೆ ಕುಳಿತಿದ್ದಾಳೆಂಬುದು ಅಸಂಬದ್ಧವೇ ಹೌದು. ಆದರೆ ಯಾವ ಆರ್ಥಿಕ ಇತಿಹಾಸಕಾರನೂ ಇದಕ್ಕಿಂತ ನೇರವಾಗಿ ಹೇಳಲಾರನು. ಲಿಯರನು ಇದನ್ನು ಉದ್ದೇಶಪಟ್ಟು ಹೇಳಿದನೆಂದು ನಾನು ವಾದಿಸುವುದಿಲ್ಲ. ಹೊಸ ನಾಡಿನ ಪದಗಳು ಕಿವಿಯ ಮೇಲೆ ಬಿದ್ದಾಗ ಅವನಿಗೆ ಅವು ಹೊಸ ಪಕ್ಷಿಗಳ ಹೆಸರುಗಳಂತೆ ಕೇಳಿಸಿದವು. ಗಿಳಿಗಳ ಚಿತ್ರಕಾರನು ಕೂಡಲೇ ಅವಕ್ಕೆ ರೆಕ್ಕೆ, ಬಣ್ಣ, ಕೂಗುಗಳನ್ನು ಕೊಟ್ಟನು. ಆದರೆ ಅವನ ಕಿವಿಗೆ ಬೀಳುತ್ತಿದ್ದ ಪದಗಳು ಎಂಥವೆಂಬುದು ಅವನ ಇಚ್ಛೆಗೆ ಸೇರಿದ್ದಲ್ಲ. ವೈಸರಾಯನ ಅತಿಥಿಗೆ ಭಾರತೀಯ ಭಾಷೆಯೆಂಬುದು ಮುಟ್ಟುತ್ತಿದ್ದದ್ದೇ ಊಳಿಗದವರನ್ನು ಕರೆಯುವ ಮಾತುಗಳ ರೂಪದಲ್ಲಿ. ಪದ್ಯದಲ್ಲಿ ಒಬ್ಬ ಪಂಡಿತನೂ ಇಲ್ಲ, ವ್ಯಾಪಾರಿಯೂ ಇಲ್ಲ, ರೈತನೂ ಇಲ್ಲ.

ಇಲ್ಲಿ ದಕ್ಷಿಣದವರಾದ ನಾವು ಗಮನಿಸತಕ್ಕ ಇನ್ನೊಂದು ಸಂಗತಿಯುಂಟು. ಪದ್ಯ ಅಚ್ಚಾದದ್ದು ಜುಲೈ ತಿಂಗಳಲ್ಲಿ; ಲಿಯರನು ಬೆಂಗಳೂರನ್ನು ಕಂಡದ್ದು ಆಗಸ್ಟಿನಲ್ಲಿ. ಅಂದರೆ ಆ ಶಬ್ದಗಳ ತೋಟ ಕಲ್ಕತ್ತ ಸಿಮ್ಲಾಗಳ ಮಣ್ಣಿನಲ್ಲಿ ಬೆಳೆದದ್ದು. ಜಂಪಾನ್ ಎಂಬ ಪದವೇ ಉತ್ತರದ ಬೆಟ್ಟದೂರುಗಳನ್ನು ತೋರಿಸಿಕೊಡುತ್ತದೆ. ಮದರಾಸು ಆಧಿಪತ್ಯದಲ್ಲಿ ಮತ್ತು ಅದರ ಸೈನ್ಯದ ನೆಲೆಯಾಗಿದ್ದ ನಮ್ಮ ದಂಡಿನಲ್ಲಿ ಮನೆವಾರ್ತೆಯ ಮಾತು ಬೇರೆಯಾಗಿತ್ತು. ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶದಲ್ಲಿ ಈ ವಿಷಯ ಸ್ಪಷ್ಟವಾಗಿದೆ: ಬಂಗಾಳದ ಕಡೆ ಖಾನ್ಸಾಮನೆನಿಸಿದವನು ಮದರಾಸಿನ ಕಡೆ ‘ಬಟ್ಲರ್’, ಅವನ ಕೈಕೆಳಗಿನವನು ‘ಮೇಟಿ’. ಬಟ್ಲರ್ ಆಡುತ್ತಿದ್ದ ಮುರುಕು ಇಂಗ್ಲಿಷಿಗೆ ‘ಬಟ್ಲರ್ ಇಂಗ್ಲಿಷ್’ ಎಂಬ ಹೆಸರೇ ಬಿದ್ದಿತ್ತು. ಕೋಶಕರ್ತರಲ್ಲೊಬ್ಬನಾದ ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧಿಕಾರಿಯಾಗಿದ್ದವನಾದುದರಿಂದ ದಕ್ಷಿಣದ ಬಳಕೆಯನ್ನು ಚೆನ್ನಾಗಿ ಬಲ್ಲವನು.

ಈ ವ್ಯತ್ಯಾಸ ಕ್ಷುಲ್ಲಕವಲ್ಲ. ಉತ್ತರದಲ್ಲಿ ಇಂಗ್ಲಿಷರು ಆಳಿನ ಭಾಷೆಯನ್ನು ತಮ್ಮ ಬಾಯಿಗೆ ತಂದುಕೊಂಡು ಮುರಿದರು. ದಕ್ಷಿಣದಲ್ಲಿ ಆಳು ಇಂಗ್ಲಿಷರ ಭಾಷೆಯನ್ನು ತನ್ನ ಬಾಯಿಗೆ ತಂದುಕೊಂಡು ಮುರಿದನು. ಬೆಂಗಳೂರು ದಂಡಿನ ಬಟ್ಲರನಿಗೆ ಕನ್ನಡ, ತಮಿಳು, ತೆಲುಗು, ಹಿಂದೂಸ್ತಾನಿಗಳ ನಡುವೆ ಇಂಗ್ಲಿಷೂ ಒಂದು ಬಜಾರಿನ ಭಾಷೆಯಾಗಿತ್ತು. ಲಿಯರನು ಮೊದಲು ದಕ್ಷಿಣಕ್ಕೆ ಬಂದಿದ್ದರೆ ಅವನಿಗೆ ಇಂಥ ತೋಟವನ್ನು ನೆಡಲು ಬೀಜಗಳೇ ಸಾಕಷ್ಟು ದೊರೆಯುತ್ತಿರಲಿಲ್ಲ. ‘ಬಟ್ಲರ್’ ಎಂಬ ಪದವನ್ನು ಮರವನ್ನಾಗಿ ಮಾಡಿದರೆ ಇಂಗ್ಲಿಷ್ ಓದುಗನು ನಗಲಾರನು. ಅದು ಅವನ ತಾಯ್ನಾಡಿನ ಮನೆಯಲ್ಲಿಯೂ ಇರುವ ಪದ. ಪೂರ್ವದೇಶದ ಪದವೆಂದು ಕೇಳಿದರೆ ಮಾತ್ರ ಈ ಮಾಯೆ ಹತ್ತುತ್ತದೆ.

ಹಾಗಾದರೆ ಪದ್ಯ ತಿರಸ್ಕಾರದ ಪದ್ಯವೇ? ಇಂದಿನ ವಿಮರ್ಶೆಯಲ್ಲಿ ಹೀಗೆ ತೀರ್ಪು ಕೊಡುವುದು ಸುಲಭವಾಗಿದೆ. ಮನುಷ್ಯರನ್ನು ಮೀನು ಹಕ್ಕಿಗಳನ್ನಾಗಿ ಮಾಡಿದ್ದಾನೆಂಬುದು ನಿಜ. ಅದನ್ನು ಮುಚ್ಚುವ ಅಗತ್ಯವಿಲ್ಲ. ಆದರೆ ನುಂಗಲ್ಪಟ್ಟವಳು ಯಾರು, ನುಂಗಿದ್ದು ಯಾವುದು ಎಂಬುದನ್ನೂ ಕೇಳಬೇಕು. ಊಳಿಗದವನ ನಡುವಿನಲ್ಲಿದ್ದ ಬಟ್ಟೆ ದೊರೆಸಾನಿಯನ್ನು ನುಂಗುತ್ತದೆ. 1857ರ ಮಹಾಸಂಗ್ರಾಮ ಮುಗಿದು ಇನ್ನೂ ಎರಡು ದಶಕಗಳಾಗಿರಲಿಲ್ಲ. ಲಿಯರನು ಲಖನೌದ ಪಾಳುಬಿದ್ದ ರೆಸಿಡೆನ್ಸಿಯನ್ನು ಕಂಡು ಬಂದವನು. ಇರುಳಿನಲ್ಲಿ ಇಂಗ್ಲಿಷ್ ಹೆಂಗಸು, ಸುತ್ತ ಆಳುಗಳು, ಹಠಾತ್ತಾಗಿ ಏಳುವ ಕೂಗು, ತಡವಾಗಿ ಬರುವ ಸಹಾಯ, ಕೊನೆಗೆ ಸ್ಮಾರಕಲೇಖ: ಇವು ಆ ಕಾಲದ ಇಂಗ್ಲಿಷ್ ಪತ್ರಿಕೆಯ ಓದುಗರಿಗೆ ಪರಿಚಿತವಾದ ಭಯದ ಅಂಗಾಂಗಗಳು. ಪದ್ಯವನ್ನು ದಂಗೆಯ ರೂಪಕವೆಂದು ಬಿಡಿಸುವುದು ಅತಿಯಾದೀತು. ಆದರೆ ಅದೇ ಭಯವನ್ನು ಸೊಂಟದ ಬಟ್ಟೆಯಾಗಿಸಿ ನಗಲು ಸಾಧ್ಯವಾದದ್ದನ್ನು ಇತಿಹಾಸಕಾರನು ಗಮನಿಸದಿರಲಾರನು.

ಸ್ಮಾರಕಲೇಖದ ವಿಷಯದಲ್ಲಿ ಇನ್ನೊಂದು ಮಾತು. ಆ ಕಾಲದ ಬೆಂಗಳೂರಿನಲ್ಲಿ ಮೈಸೂರು ಯುದ್ಧಗಳಲ್ಲಿ ಮಡಿದ ಇಂಗ್ಲಿಷ್ ಅಧಿಕಾರಿಗಳ ಹೆಸರುಗಳನ್ನು ಹೊತ್ತ ಎತ್ತರದ ಸ್ತಂಭವೊಂದು ನಿಂತಿತ್ತು. 1964ರಲ್ಲಿ ಅದನ್ನು ಕೆಡವಲಾಯಿತು. ಸ್ಮಾರಕವೆಂದರೆ ಹೆಸರು, ಹೆಸರಿಲ್ಲದಿದ್ದರೆ ಸ್ಮಾರಕವೇಕೆ? ಲಿಯರನ ಗೋಡೆಯ ಬರಹದಲ್ಲಿಯಾದರೋ ಸತ್ತವಳ ಹೆಸರೇ ಇಲ್ಲ. ಆಳುಗಳಿಗೆ ಹೇಗೆ ವೃತ್ತಿನಾಮವಷ್ಟೇ ಉಳಿದಿದೆಯೋ ಹಾಗೆ ಅವಳಿಗೂ ಚೆಲುವೆಯೆಂಬ ಸಾಮಾನ್ಯನಾಮವೊಂದೇ ಗತಿ. ಅದೇ ವರ್ಷಗಳಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದ ಬಿ. ಎಲ್. ರೈಸ್ ಅವರು ಶಾಸನಗಳ ಪ್ರತಿಗಳನ್ನು ಕೂಡಿಹಾಕುತ್ತ, ಗೆಜೆಟಿಯರಿನ ಸಂಪುಟಗಳನ್ನು ಸಿದ್ಧಗೊಳಿಸುತ್ತ, ಈ ನಾಡಿನ ಕಲ್ಲುಗಳಲ್ಲಿದ್ದ ಒಂದೊಂದು ಹೆಸರನ್ನೂ ಅರ್ಥಕ್ಕೆ ಜೋಡಿಸುತ್ತಿದ್ದರು. ಪದಗಳನ್ನು ಅರ್ಥದಿಂದ ಬಿಡಿಸುತ್ತಿದ್ದವನೂ ಪದಗಳಿಗೆ ಅರ್ಥವನ್ನು ಹುಡುಕುತ್ತಿದ್ದವರೂ ಒಂದೇ ಊರಿನ ಗಾಳಿಯನ್ನು ಕೆಲವು ದಿನವಾದರೂ ಉಸಿರಾಡಿದರೆಂಬುದು ಚರಿತ್ರೆಯ ಸಣ್ಣ ವಿನೋದ.

ಲಿಯರನ ಇನ್ನೊಂದು ಪದ್ಯ ‘ಸ್ವಾತಿನ ಆಖುಂದ’. ಇದರ ನಾಯಕನು ಕಲ್ಪಿತನಲ್ಲ. ಸೈದು ಬಾಬಾ ಎಂದು ಪ್ರಸಿದ್ಧನಾದ ಅಬ್ದುಲ್ ಗಫೂರನು ವಾಯವ್ಯ ಗಡಿಯ ಸ್ವಾತ್ ಕಣಿವೆಯ ಧರ್ಮಗುರು, 1863ರ ಅಂಬೇಲಾ ಕಾಳಗದಲ್ಲಿ ಇಂಗ್ಲಿಷರಿಗೆ ಇದಿರಾಗಿ ನಿಂತವನು, ಮಡಿದದ್ದು 1877ರಲ್ಲಿ. ಪದ್ಯ ಅವನ ವಿಷಯದಲ್ಲಿ ಯಾವುದನ್ನೂ ಹೇಳುವುದಿಲ್ಲ, ಕೇಳುತ್ತದೆ. ಗಿಡ್ಡನೋ ಉದ್ದನೋ, ಕುರ್ಚಿಯ ಮೇಲೆ ಕೂರುವನೋ ಕುಕ್ಕರಿಸುವನೋ ಎಂಬಂಥ ಪ್ರಶ್ನೆಗಳ ಸರಮಾಲೆ. ಪ್ರತಿ ಪ್ರಶ್ನೆಯ ತುದಿಗೂ ಪಲ್ಲವಿಯಾಗಿ ಅವನ ಬಿರುದು. ಗಡಿಯಾಚೆಯ ಈ ವೃದ್ಧನನ್ನು ಕುರಿತು ಸೇನಾ ಕಾರ್ಯಾಲಯಗಳು ಎಲ್ಲವನ್ನೂ ಬಲ್ಲೆವೆಂಬ ಧ್ವನಿಯಲ್ಲಿ ವರದಿ ಬರೆಯುತ್ತಿದ್ದ ಕಾಲದಲ್ಲಿ, ತನಗೆ ಏನೂ ಗೊತ್ತಿಲ್ಲವೆಂಬುದನ್ನೇ ಪದ್ಯವಾಗಿಸಿದವನು ಲಿಯರ್ ಒಬ್ಬನೇ ಇರಬೇಕು. ‘ಕಮರ್‌ಬಂದ್’ಗಿಂತ ಇದು ಉ‌ತ್ತಮ ಪದ್ಯವೆಂದು ನನ್ನ ಎಣಿಕೆ.

ಅಸಂಬದ್ಧ ಪದ್ಯವನ್ನು ತರಗತಿಯಲ್ಲಿ ಓದಿಸಿದಾಗ ನಮ್ಮ ವಿದ್ಯಾರ್ಥಿಗಳು ಮೊದಲು ಮಾಡುವ ಕೆಲಸ ಅದರ ಗೂಢಾರ್ಥವನ್ನು ಹುಡುಕುವುದು. ಇದು ನಮ್ಮ ಪರಂಪರೆಯ ಫಲ. ಅಲ್ಲಮನ ಬೆಡಗಿನ ವಚನಗಳಲ್ಲಿಯೂ ಕನಕದಾಸರ ಮುಂಡಿಗೆಗಳಲ್ಲಿಯೂ ಲೋಕವಿರುದ್ಧವಾದ ಚಿತ್ರಗಳು ತುಂಬಿವೆ. ಆದರೆ ಅಲ್ಲಿ ಪ್ರತಿಯೊಂದು ವಿರೋಧಕ್ಕೂ ಬೀಗದ ಕೈಯುಂಟು, ಅದನ್ನು ಟೀಕಾಕಾರನೋ ಗುರುವೋ ಒದಗಿಸುತ್ತಾನೆ. ಲಿಯರನಲ್ಲಿ ಬಾಗಿಲೂ ಇಲ್ಲ, ಬೀಗವೂ ಇಲ್ಲ. ಬಂಗಾಳಿಯಲ್ಲಿ ಸುಕುಮಾರ ರಾಯರು 1923ರ ತಮ್ಮ ‘ಆಬೋಲ್ ತಾಬೋಲ್’ ಸಂಗ್ರಹದಲ್ಲಿ ಈ ಬಗೆಯ ಬರಹಕ್ಕೆ ಸ್ವದೇಶಿ ಜೀವ ಕೊಟ್ಟರು. ಕನ್ನಡದಲ್ಲಿ ಶಿಶುಗೀತೆ ಬೇರೆಯ ದಾರಿಯನ್ನು ಹಿಡಿಯಿತು. ಆ ದಾರಿಯ ಆದ್ಯರಲ್ಲೊಬ್ಬರಾದ ಪಂಜೆ ಮಂಗೇಶರಾಯರು ಹುಟ್ಟಿದ್ದು ಲಿಯರನು ಬೆಂಗಳೂರಿಗೆ ಬಂದ 1874ರಲ್ಲಿಯೇ. ಇದು ಕಾಕತಾಳೀಯವೇ ಹೊರತು ಬೇರೇನೂ ಅಲ್ಲ. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಮೂಲಕ ನಮಗೆ ತಂದುಕೊಟ್ಟ ಇಂಗ್ಲೆಂಡು ಪ್ರೇಮ, ಶೋಕ ಮತ್ತು ದೇಶಭಕ್ತಿಗಳ ಇಂಗ್ಲೆಂಡು. ಅದರಲ್ಲಿ ಲಿಯರನಿಗೆ ಸ್ಥಳವಿರಲಿಲ್ಲ.

ಚಿತ್ರಕಾರನಾಗಿ ಲಿಯರನಿಗೆ ಭಾರತದಿಂದ ದೊರೆತ ಫಲ ಅವನ ಆಸೆಗೆ ತಕ್ಕಷ್ಟಿರಲಿಲ್ಲ. ಸಾವಿರಕ್ಕೂ ಮಿಕ್ಕ ಹಾಳೆಗಳನ್ನು ತುಂಬಿಸಿಕೊಂಡು ಹಿಂದಿರುಗಿದನಾದರೂ ದೊಡ್ಡ ತೈಲಚಿತ್ರಗಳಾಗಿ ಬೆಳೆದವು ಕೆಲವೇ. ಅವುಗಳಲ್ಲಿ ನಾರ್ತ್‌ಬ್ರೂಕ್ ಮೊದಲಾದವರಿಗಾಗಿ ಬರೆದ ಕಾಂಚನಗಂಗೆಯ ದೃಶ್ಯಗಳು ಮುಖ್ಯ. ಟೆನ್ನಿಸನ್ ಕವಿಯ ಕಾವ್ಯಕ್ಕೆ ಇನ್ನೂರು ಭೂದೃಶ್ಯಗಳನ್ನು ಬರೆಯುವ ಯೋಜನೆ ಕೊನೆಗಾಲದವರೆಗೂ ಮುಗಿಯಲಿಲ್ಲ. ಸಿಂಹಳದಲ್ಲಿ ಕಾಯಿಲೆ ಬಿದ್ದ ಜಾರ್ಜಿಯೊ 1883ರವರೆಗೆ ಒಡೆಯನೊಡನೆ ಬಾಳಿದನು. ಲಿಯರನು 1888ರ ಜನವರಿ 29ರಂದು ಇಟಲಿಯ ಸ್ಯಾನ್ ರೆಮೊದಲ್ಲಿ ತೀರಿಕೊಂಡನು.

‘ಕಮರ್‌ಬಂದ್’ ಪದ್ಯ 1877ರ ‘ನಗೆಗೀತೆಗಳು’ ಎಂಬರ್ಥದ ಸಂಗ್ರಹದಲ್ಲಿ ಮತ್ತೆ ಅಚ್ಚಾಗಿ ಲಂಡನ್ನಿನ ಓದುಗರ ಕೈಸೇರಿತು. ಇಲ್ಲಿ ಪದ್ಯದ ಸ್ವರೂಪವೇ ಬದಲಾಯಿತೆನ್ನಬೇಕು. ಮುಂಬಯಿಯ ಇಂಗ್ಲಿಷ್ ಓದುಗನಿಗೆ ಭಿಸ್ತಿ ಯಾರೆಂಬುದು ಗೊತ್ತಿತ್ತು. ಬೆಳಗ್ಗೆ ನೀರು ತಂದವನು ಸಂಜೆಯ ಪತ್ರಿಕೆಯಲ್ಲಿ ಚಿಲಿಪಿಲಿಗುಟ್ಟುವುದನ್ನು ಕಂಡು ಅವನು ನಕ್ಕನು. ಲಂಡನ್ನಿನ ಮಗುವಿಗೆ ಭಿಸ್ತಿಯೆಂದರೆ ನಿಜವಾಗಿಯೂ ಹಕ್ಕಿಯೇ. ಒಂದೇ ಪದ್ಯ, ಮೂರು ವರ್ಷಗಳ ಅಂತರದಲ್ಲಿ, ಮೊದಲು ವಿಡಂಬನೆಯಾಗಿಯೂ ಆಮೇಲೆ ಮಾಯಾವನವಾಗಿಯೂ ಓದಲ್ಪಟ್ಟಿತು. ಪುಸ್ತಕ ಅಲ್ಲಿ ಮಾರಾಟವಾಗುತ್ತಿದ್ದ ದಿನಗಳಲ್ಲಿ ಇತ್ತ ಮೈಸೂರು ಸಂಸ್ಥಾನ ಧಾತು ಈಶ್ವರ ಸಂವತ್ಸರಗಳ ಬರಗಾಲದಲ್ಲಿ ಬೇಯುತ್ತಿತ್ತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಧೋಬಿ, ಭಿಸ್ತಿ, ಆಯಾಗಳು ಯಾವ ಹಳ್ಳಿಗಳಿಂದ ದಂಡಿಗೆ ಬಂದು ಸೇರುತ್ತಿದ್ದರೋ ಅವು ಬರಿದಾದ ಕಾಲ ಅದು.

ಈಗ ಮೂರನೆಯ ಓದುಗನೊಬ್ಬನಿದ್ದಾನೆ. ಅವನೇ ನಮ್ಮ ವಿದ್ಯಾರ್ಥಿ. ಹೆಸರಘಟ್ಟದ ಕೊಳಾಯಿ ನೀರು 1896ರಲ್ಲಿ ಬೆಂಗಳೂರನ್ನು ಮುಟ್ಟಿದ ಮೇಲೆ ಭಿಸ್ತಿಯ ವೃತ್ತಿ ಕ್ರಮೇಣ ನಶಿಸಿತು. ಮಶಕ್ ಎಂಬ ಪದವೂ ಅದರ ಹಿಂದೆಯೇ ಹೋಯಿತು. ಖಾನ್ಸಾಮ, ಖಿದ್ಮತ್‌ಗಾರ, ಜಂಪಾನ್‌ಗಳನ್ನು ಈ ಊರಿನ ಇಂದಿನ ತರುಣರು ಲಂಡನ್ನಿನ ಆ ಮಗುವಿನಷ್ಟೇ ಬಲ್ಲರು. ಕಳೆದ ವರ್ಷ ಈ ಪದ್ಯವನ್ನು ಪಾಠ ಹೇಳುವಾಗ, ತಮಗೆ ಗೊತ್ತಿರುವ ಪದಗಳ ಕೆಳಗೆ ಗೆರೆ ಎಳೆಯಬೇಕೆಂದು ತರಗತಿಗೆ ತಿಳಿಸಿದೆ. ಎಲ್ಲರೂ ಗೆರೆ ಎಳೆದದ್ದು ಧೋಬಿ ಮತ್ತು ಆಯಾ ಎಂಬ ಎರಡಕ್ಕೆ. ಮಂಡ್ಯದ ಕಡೆಯಿಂದ ಬಂದ ಇಬ್ಬರು ಮಾತ್ರ ನಾಲೆಗೂ ಗೆರೆ ಎಳೆದು, ಅದಕ್ಕೆ ಕೊಂಬೆ ಹೇಗೆ ಬಂದಿತೆಂದು ಕೇಳಿದರು.